ವಿಂಡೋ ಎಸಿ ತಂಪು ಕೊಡುತ್ತಿಲ್ಲವೇ? ಮೊದಲು ಗಾಳಿ ನೋಡಿ, ಗ್ಯಾಸ್ ಕೊನೆಗಿರಲಿ

ಎಸಿ ತಂಪು ಕೊಡುತ್ತಿಲ್ಲ ಎಂದರೆ ಸಾಕು, ಕೇಳಿದವರೆಲ್ಲ ಹೇಳುವುದು ಒಂದೇ ಮಾತು: "ಗ್ಯಾಸ್ ಖಾಲಿಯಾಗಿರಬೇಕು." ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎಸಿಯೊಳಗಿನ ಗ್ಯಾಸ್ ಒಲೆಯ ಗ್ಯಾಸಿನಂತೆ ಉರಿದು ತೀರುವುದಿಲ್ಲ. ಮುಚ್ಚಿ ಬೆಸೆದ ಕೊಳವೆಗಳಲ್ಲಿ ಅದು ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಎಲ್ಲಾದರೂ ತೂತು ಬಿದ್ದರೆ ಮಾತ್ರ ಕಡಿಮೆಯಾಗುತ್ತದೆ. ಸ್ಪ್ಲಿಟ್ ಎಸಿಯಲ್ಲಾದರೆ ಮನೆಗೆ ತಂದ ಮೇಲೆ ಜೋಡಿಸುವ ನಟ್‌ಗಳಿವೆ, ಅಲ್ಲಿ ಸೋರುವ ಅವಕಾಶ ಹೆಚ್ಚು. ವಿಂಡೋ ಎಸಿಯಲ್ಲಿ ಅದೂ ಇಲ್ಲ. ಬೆಸುಗೆಯೆಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಹೀಗಿರುವಾಗ ಗ್ಯಾಸ್ ಮೇಲಿನ ಅನುಮಾನ ಕೊನೆಗೆ ಬರಬೇಕು. ಮೊದಲು ಗಾಳಿ, ಆಮೇಲೆ ನೀರು, ಆಮೇಲೆ ವಿದ್ಯುತ್ತು, ಕಟ್ಟಕಡೆಗೆ ಗ್ಯಾಸ್. ಕೆಳಗೆ ಬರೆದಿರುವುದೂ ಇದೇ ಕ್ರಮದಲ್ಲಿ.

ಯಂತ್ರದ ಒಳಗನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳೋಣ. ಒಂದೇ ಪೆಟ್ಟಿಗೆ, ನಡುವೆ ಒಂದು ಅಡ್ಡಗೋಡೆ. ಕೋಣೆಯ ಕಡೆಗಿರುವ ಭಾಗದಲ್ಲಿ ಫಿಲ್ಟರ್, ಅದರ ಹಿಂದೆ ಕೂಲಿಂಗ್ ಕಾಯಿಲ್, ಅದರ ಹಿಂದೆ ಬ್ಲೋವರ್. ಹೊರಭಾಗದಲ್ಲಿ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್, ಶಾಖ ಹೊರಚೆಲ್ಲುವ ಕಂಡೆನ್ಸರ್ ಕಾಯಿಲ್, ಅದಕ್ಕೆ ಗಾಳಿ ಊದುವ ಫ್ಯಾನ್. ಸಾಮಾನ್ಯವಾಗಿ ಒಂದೇ ಮೋಟಾರಿನ ಎರಡು ತುದಿಗೆ ಬ್ಲೋವರ್ ಮತ್ತು ಫ್ಯಾನ್ ಎರಡೂ ಇರುತ್ತವೆ. ಈ ಯಂತ್ರ ತಂಪನ್ನು ಹುಟ್ಟಿಸುವುದಿಲ್ಲ. ಕೋಣೆಯ ಶಾಖವನ್ನು ಒಳಗಿನ ಕಾಯಿಲ್‌ನಲ್ಲಿ ಹೀರಿ ಹೊರಗಿನ ಕಾಯಿಲ್‌ನಲ್ಲಿ ಚೆಲ್ಲುತ್ತದೆ. ಹೀರುವುದಕ್ಕೂ ಗಾಳಿ ಬೇಕು, ಚೆಲ್ಲುವುದಕ್ಕೂ ಗಾಳಿ ಬೇಕು. ಎರಡರಲ್ಲಿ ಒಂದು ಕಡೆ ಗಾಳಿ ಕಟ್ಟಿದರೂ ಗ್ಯಾಸ್ ತುಂಬಿ ತುಳುಕುತ್ತಿದ್ದರೂ ಪ್ರಯೋಜನವಿಲ್ಲ.

ಮೊದಲು ಥರ್ಮಾಮೀಟರ್, ಆಮೇಲೆ ಸ್ಕ್ರೂಡ್ರೈವರ್

"ತಂಪಿಲ್ಲ" ಎಂಬುದು ಅನಿಸಿಕೆ. ಅದನ್ನು ಅಂಕಿಗೆ ಇಳಿಸಿದ ಮೇಲೆಯೇ ಹುಡುಕಾಟ ಶುರುವಾಗಬೇಕು. ಬಾಗಿಲು, ಕಿಟಕಿ ಮುಚ್ಚಿ, ಉಷ್ಣಾಂಶವನ್ನು ಕನಿಷ್ಠಕ್ಕೆ, ಫ್ಯಾನನ್ನು ಗರಿಷ್ಠ ವೇಗಕ್ಕೆ ಇಟ್ಟು ಎಸಿಯನ್ನು 20 ನಿಮಿಷ ಓಡಿಸಿ. ಒಂದು ಸಾಧಾರಣ ಡಿಜಿಟಲ್ ಥರ್ಮಾಮೀಟರನ್ನು ಮೊದಲು ಗಾಳಿ ಒಳಹೋಗುವ ಜಾಲರಿಯ ಮುಂದೆ, ಆಮೇಲೆ ತಣ್ಣನೆಯ ಗಾಳಿ ಹೊರಬರುವ ಕಡೆ ಹಿಡಿಯಿರಿ. ಪ್ರತಿ ಸಲವೂ ಅಂಕಿ ನಿಲ್ಲುವವರೆಗೆ ಕಾಯಿರಿ.

ಎರಡರ ನಡುವೆ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಆಗ ದೋಷ ಇರುವುದು ಕೋಣೆಯಲ್ಲಿ: ಬಿಸಿಲು ನೇರವಾಗಿ ಬೀಳುವ ಗಾಜು, ಕಿಟಕಿ ಚೌಕಟ್ಟಿನ ಸುತ್ತ ಬಿಟ್ಟ ಸಂದು, ಕೋಣೆಗೆ ಸಾಲದ ಯಂತ್ರ. 5 ಡಿಗ್ರಿಗಿಂತ ಕಡಿಮೆಯಿದ್ದರೆ ಯಂತ್ರವನ್ನೇ ನೋಡಬೇಕು. ನಡುವಿನ ಅಂಕಿ ಬಂದರೆ ಅವಸರ ಬೇಡ, ಗಾಳಿಯ ತೇವ ಎಷ್ಟಿದೆ ಎಂದು ಯೋಚಿಸಿ. ಒಂದು ಲೀಟರ್ ನೀರನ್ನು ಗಾಳಿಯಿಂದ ಇಳಿಸಲು ಎಸಿ ಸುಮಾರು 0.7 ಯೂನಿಟ್‌ನಷ್ಟು (ಕಿಲೋವಾಟ್-ಗಂಟೆ) ಶಾಖವನ್ನು ಹೀರಬೇಕು. 1 ಟನ್ನಿನ ಎಸಿಯ ಸಾಮರ್ಥ್ಯ ಸುಮಾರು 3.5 ಕಿಲೋವಾಟ್. ಗಂಟೆಗೆ ಒಂದು ಲೀಟರ್ ನೀರು ಇಳಿಯುತ್ತಿದ್ದರೆ ಅದರ ಐದನೆಯ ಒಂದು ಭಾಗ ಅಲ್ಲಿಗೇ ಹೋಯಿತು. ಥರ್ಮಾಮೀಟರ್ ಅದನ್ನು ತೋರಿಸುವುದಿಲ್ಲ, ಆದರೆ ಮೈಗೆ ಅದರ ಹಿತ ಗೊತ್ತಾಗುತ್ತದೆ. ತುಂಬ ತೇವವಿರುವ ದಿನ ವ್ಯತ್ಯಾಸ 7 ಡಿಗ್ರಿಗೆ ಇಳಿದರೆ ಅದನ್ನು ದೋಷ ಎನ್ನಲಾಗದು.

ಕೋಣೆಯ ಕಡೆಯ ಗಾಳಿ

ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಆಚೆಯ ಬೆಳಕು ಸರಿಯಾಗಿ ಕಾಣದಿದ್ದರೆ ಗಾಳಿಯೂ ದಾಟುತ್ತಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಎಸಿ ದಿನವೂ ಓಡುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಇದು ಆಗಲೇಬೇಕು. ಫಿಲ್ಟರ್ ತೆಗೆದ ಹೊತ್ತಿನಲ್ಲೇ ಹಿಂದಿರುವ ಕಾಯಿಲ್‌ಗೆ ಟಾರ್ಚ್ ಬಿಡಿ. ಅಲ್ಯೂಮಿನಿಯಂ ರೆಕ್ಕೆಗಳ ಅಂಚಿನಲ್ಲಿ ಬೂದು ಪದರವಿದ್ದರೆ ಮೆತ್ತನೆಯ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ, ರೆಕ್ಕೆಗಳ ಉದ್ದಕ್ಕೇ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ರೆಕ್ಕೆಗಳು ಮಡಿಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಇಲ್ಲೇ ಮೂರು ಸಣ್ಣ ಸಂಗತಿಗಳನ್ನೂ ನೋಡಿಬಿಡಿ, ಬಿಚ್ಚುವ ಕೆಲಸವೇ ಉಳಿಯಬಹುದು. ಅನೇಕ ವಿಂಡೋ ಎಸಿಗಳಲ್ಲಿ ಹಳೆ ಗಾಳಿ ಹೊರಬಿಡುವ ಸಣ್ಣ ಬಾಗಿಲೊಂದು, ಅದಕ್ಕೊಂದು ಲಿವರ್ ಇರುತ್ತದೆ. ಯಾರೋ ಯಾವಾಗಲೋ ತೆರೆದದ್ದು ಹಾಗೆಯೇ ಉಳಿದರೆ ತಂಪಾದ ಗಾಳಿ ದಿನವಿಡೀ ಹೊರಗೆ ಹೋಗುತ್ತಿರುತ್ತದೆ. ಎರಡನೆಯದು ಪರದೆ: ಅದು ಜಾಲರಿಯ ಮೇಲೆ ಇಳಿಬಿದ್ದರೆ ಹೊರಬಂದ ತಂಪುಗಾಳಿ ತಿರುಗಿ ಎಸಿಯೊಳಕ್ಕೇ ಹೋಗುತ್ತದೆ, ಕೋಣೆ ತಂಪಾಯಿತೆಂದು ತಿಳಿದು ಥರ್ಮೋಸ್ಟ್ಯಾಟ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಮೂರನೆಯದು, ಫಿಲ್ಟರ್ ಹಿಂದೆ ಕ್ಲಿಪ್‌ನಲ್ಲಿ ಸಿಕ್ಕಿಸಿರುವ, ಉಷ್ಣಾಂಶ ಅಳೆಯುವ ಸಂವೇದಕ. ಅದು ಕಾಯಿಲ್‌ನ ಮುಂದೆ ಗಾಳಿಯಲ್ಲಿ ನಿಂತಿರಬೇಕು. ಸ್ವಚ್ಛ ಮಾಡುವಾಗ ಕ್ಲಿಪ್‌ನಿಂದ ಜಾರಿ ಕಾಯಿಲ್‌ಗೆ ತಾಗಿಕೊಂಡರೆ ಅದು ಅಳೆಯುವುದು ಕಾಯಿಲ್‌ನ ಶೀತವನ್ನೇ. ಕಂಪ್ರೆಸರ್ ಎರಡೇ ನಿಮಿಷಕ್ಕೆ ನಿಲ್ಲುತ್ತಿದ್ದರೆ ಇದನ್ನು ಮೊದಲು ನೋಡಿ.

ಹೊರಗಿನಿಂದ ಕಾಣದ ಕೊಳೆ

ಈ ಭಾಗವನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾನು ಇದನ್ನು ಕಲಿತದ್ದು ಒಂದಿಡೀ ಬೇಸಿಗೆಯನ್ನು ಸೆಕೆಯಲ್ಲಿ ಕಳೆದ ಮೇಲೆ.

ನಮ್ಮ ಮನೆಯ ಎಸಿ ರಾತ್ರಿ ಚೆನ್ನಾಗಿಯೇ ಓಡುತ್ತಿತ್ತು. ಮಧ್ಯಾಹ್ನ ಮಾತ್ರ ಅರ್ಧ ಗಂಟೆ ತಂಪು ಕೊಟ್ಟು, ಆಮೇಲೆ ಕಂಪ್ರೆಸರ್ ನಿಂತು ಬರೀ ಗಾಳಿ ಬೀಸುತ್ತಿತ್ತು. ಹತ್ತು ಹದಿನೈದು ನಿಮಿಷಕ್ಕೆ ಮತ್ತೆ ಶುರುವಾಗಿ ಮತ್ತೆ ನಿಲ್ಲುತ್ತಿತ್ತು. ಬಂದ ಮೆಕ್ಯಾನಿಕ್ ಜಾಲರಿಯ ಮುಂದೆ ಕೈ ಹಿಡಿದು ನೋಡಿ "ಗ್ಯಾಸ್ ಕಡಿಮೆ" ಎಂದರು. ಫಿಲ್ಟರ್ ಸ್ವಚ್ಛವಿತ್ತು. ಹೊರಗಿನಿಂದ ಕಂಡೆನ್ಸರ್ ನೋಡಿದರೆ ರೆಕ್ಕೆಗಳು ಹೊಳೆಯುತ್ತಿದ್ದವು. ಅವರ ಮಾತನ್ನು ನಂಬದಿರಲು ನನ್ನ ಬಳಿ ಇದ್ದದ್ದು ಒಂದೇ ಕಾರಣ: ತಂತಿಯ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್. ಎಸಿಯ ಫಲಕದಲ್ಲಿ 7.2 ಆಂಪಿಯರ್ ಎಂದಿತ್ತು, ಮೀಟರ್ ತೋರಿಸುತ್ತಿದ್ದುದು 8.6. ಗ್ಯಾಸ್ ಕಡಿಮೆಯಾದರೆ ಕಂಪ್ರೆಸರಿಗೆ ಹೊರೆ ಕಡಿಮೆ, ಅದು ಎಳೆಯುವ ಕರೆಂಟೂ ಕಡಿಮೆಯಾಗಬೇಕು. ಇಲ್ಲಿ ಹೆಚ್ಚಾಗಿತ್ತು. ಅಂದರೆ ಶಾಖ ಹೊರಗೆ ಹೋಗಲಾಗದೆ ಒಳಗೆ ಒತ್ತಡ ಏರುತ್ತಿತ್ತು.

ಮರುದಿನ ಇಬ್ಬರು ಸೇರಿ ಪೆಟ್ಟಿಗೆಯನ್ನು ಕವಚದಿಂದ ಎಳೆದು ನೆಲಕ್ಕಿಳಿಸಿದೆವು. ಮೇಲಿನ ತಗಡು ಬಿಚ್ಚಿ ಫ್ಯಾನಿನ ಕಡೆಯಿಂದ ಕಂಡೆನ್ಸರ್ ನೋಡಿದಾಗ ರೆಕ್ಕೆಗಳೇ ಕಾಣಲಿಲ್ಲ. ಧೂಳು, ಕೂದಲು, ಕೀಟಗಳ ರೆಕ್ಕೆ, ಹತ್ತಿಯ ಎಳೆ ಎಲ್ಲ ನೀರಿನಲ್ಲಿ ನೆನೆದು ಒಣಗಿ ಕಂಬಳಿಯ ತುಂಡಿನಂತೆ ಹೊದ್ದುಕೊಂಡಿತ್ತು. ಉಗುರಿನಿಂದ ಒಂದು ಮೂಲೆ ಎಬ್ಬಿಸಿದರೆ ಅಂಗೈಯಗಲದ ಹಾಳೆಯೇ ಎದ್ದು ಬಂತು; ಅದರ ಹಿಂಬದಿಯಲ್ಲಿ ರೆಕ್ಕೆಗಳ ಗೆರೆ ಅಚ್ಚೊತ್ತಿದಂತೆ ಮೂಡಿತ್ತು. ಕಾರಣ ಸರಳ. ವಿಂಡೋ ಎಸಿ ಹೊರಗಾಳಿಯನ್ನು ಪಕ್ಕದ ಸೀಳುಗಳಿಂದ ಎಳೆದುಕೊಂಡು ಕಂಡೆನ್ಸರ್ ಮೂಲಕ ಹಿಂದಕ್ಕೆ ಊದುತ್ತದೆ. ಕೊಳೆ ಅಂಟುವುದು ಗಾಳಿ ಬಂದು ಬಡಿಯುವ ಒಳಮುಖಕ್ಕೆ. ನಾವು ಹೊರಗೆ ನಿಂತು ನೋಡುವುದು ಅದರ ಬೆನ್ನನ್ನು, ಅದು ಯಾವಾಗಲೂ ಸ್ವಚ್ಛವಾಗಿಯೇ ಇರುತ್ತದೆ.

ಆ ಹಾಳೆಯನ್ನೆಲ್ಲ ತೆಗೆದು ತೊಳೆದು ಒಣಗಿಸಿ ಕೂರಿಸಿದ ಮೇಲೆ ಮಧ್ಯಾಹ್ನದ ಬಿಸಿಲಲ್ಲೇ ಅಳೆದೆ. ಒಳಹೋಗುವ ಗಾಳಿ 29 ಡಿಗ್ರಿ, ಹೊರಬರುವ ಗಾಳಿ 18. ಮೊದಲು ಅದೇ 29ಕ್ಕೆ 25 ಬರುತ್ತಿತ್ತು. ಕರೆಂಟ್ 7ರ ಆಸುಪಾಸಿಗೆ ಇಳಿದಿತ್ತು. ಗ್ಯಾಸಿನ ಒಂದು ಗ್ರಾಮನ್ನೂ ಯಾರೂ ಮುಟ್ಟಿರಲಿಲ್ಲ.

ನೀವೇ ಇದನ್ನು ಮಾಡುವುದಾದರೆ ಕೆಲವು ಎಚ್ಚರಿಕೆಗಳು. ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿಡಿ, ಸ್ವಿಚ್ ಆರಿಸಿದರೆ ಸಾಲದು. 1.5 ಟನ್ನಿನ ವಿಂಡೋ ಎಸಿ 50 ಕಿಲೋ ಆಸುಪಾಸು ತೂಗುತ್ತದೆ, ಆ ಭಾರದ ದೊಡ್ಡ ಪಾಲು ಕಂಪ್ರೆಸರ್ ಇರುವ ಹಿಂಭಾಗದಲ್ಲಿರುತ್ತದೆ. ಮುಂದಿನಿಂದ ಎಳೆಯುತ್ತಾ ಬಂದಾಗ ಕೊನೆಯ ಗೇಣಿನಲ್ಲಿ ಭಾರ ಇದ್ದಕ್ಕಿದ್ದಂತೆ ಕೈಗೆ ಬೀಳುತ್ತದೆ. ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿ. ಮಹಡಿಯ ಕಿಟಕಿಯಾದರೆ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಮೋಟಾರ್, ಕೆಪ್ಯಾಸಿಟರ್ (ಕಂಪ್ರೆಸರ್ ಏಳಲು ವಿದ್ಯುತ್ತಿನ ಒತ್ತು ಕೊಡುವ ಡಬ್ಬಿ), ಸ್ವಿಚ್ಚಿನ ಫಲಕ ಮೂರಕ್ಕೂ ಪ್ಲಾಸ್ಟಿಕ್ ಸುತ್ತಿ. ಮೊದಲು ಒಣ ಕೊಳೆಯನ್ನು ಬ್ರಷ್‌ನಿಂದ ಎಬ್ಬಿಸಿ, ಆಮೇಲೆ ನೀರನ್ನು ಹೊರಮುಖದಿಂದ ಒಳಮುಖಕ್ಕೆ ಬಿಡಿ. ಕೊಳೆ ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಕಾರು ತೊಳೆಯುವ ಒತ್ತಡದ ಪೈಪು ಬೇಡವೇ ಬೇಡ, ರೆಕ್ಕೆಗಳು ಕಾಗದದಂತೆ ಮಲಗಿಬಿಡುತ್ತವೆ. ಕೊನೆಗೆ ಕತ್ತಲಲ್ಲಿ ಒಂದು ಕಡೆ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಬೆಳಕು ಉದ್ದಕ್ಕೂ ಒಂದೇ ಸಮ ಕಂಡರೆ ಕೆಲಸ ಮುಗಿಯಿತು. ಒಂದು ದಿನ ಪೂರ್ತಿ ಒಣಗಲು ಬಿಟ್ಟೇ ಪ್ಲಗ್ ಹಾಕಿ.

ಕಾಯಿಲ್ ಮೇಲೆ ಐಸ್ ಕಟ್ಟಿದರೆ

ಕಾಯಿಲ್‌ನ ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ ಅದರ ಮೇಲಿನ ನೀರು ಹೆಪ್ಪುಗಟ್ಟುತ್ತದೆ. ಐಸ್ ಗಾಳಿಯನ್ನು ತಡೆಯುತ್ತದೆ, ಗಾಳಿ ಕಡಿಮೆಯಾದಷ್ಟೂ ಐಸ್ ಬೆಳೆಯುತ್ತದೆ. ಹೀಗಾಗಿ ಸಂಜೆ ಚೆನ್ನಾಗಿದ್ದ ಎಸಿ ನಡುರಾತ್ರಿಗೆ ಗಾಳಿಯನ್ನೇ ಬಿಡದ ಸ್ಥಿತಿಗೆ ಬರುತ್ತದೆ.

ಐಸ್ ಎಲ್ಲಿ ಕಟ್ಟಿದೆ ಎಂಬುದೇ ಇಲ್ಲಿ ಸಾಕ್ಷಿ, ಕರಗಿಸುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಇಡೀ ಕಾಯಿಲ್ ಮೇಲೆ ಒಂದೇ ಸಮ ದಪ್ಪ ಐಸ್ ಇದ್ದು, ಅಲ್ಲಿಂದ ಕಂಪ್ರೆಸರಿಗೆ ಮರಳುವ ದಪ್ಪ ಕೊಳವೆಯೂ ಬೆವರುತ್ತಿದ್ದರೆ ದೋಷ ಗಾಳಿಯದು: ಫಿಲ್ಟರ್, ಕಾಯಿಲ್, ಇಲ್ಲವೇ ನಿಧಾನವಾದ ಬ್ಲೋವರ್. ಗ್ಯಾಸ್ ಒಳಬರುವ ಮೊದಲ ಒಂದೆರಡು ಸುತ್ತಿನಲ್ಲಿ ಮಾತ್ರ ಬೆಳ್ಳಗೆ ಹಿಮ ಕಟ್ಟಿ, ಉಳಿದ ಕಾಯಿಲ್ ಒಣಗಿ ಬೆಚ್ಚಗಿದ್ದರೆ ಆಗ ಗ್ಯಾಸ್ ಕಡಿಮೆಯಿದೆ ಅಥವಾ ಕ್ಯಾಪಿಲರಿ ಎಂಬ ಸಣ್ಣ ಕೊಳವೆ ಕಟ್ಟಿಕೊಂಡಿದೆ ಎಂದು ಅನುಮಾನಿಸಬಹುದು. ಇನ್ನೊಂದು ಸಂದರ್ಭವೂ ಇದೆ. ಹೊರಗಿನ ಚಳಿ 20 ಡಿಗ್ರಿಗಿಂತ ಕೆಳಗಿರುವ ರಾತ್ರಿಗಳಲ್ಲಿ ಥರ್ಮೋಸ್ಟ್ಯಾಟನ್ನು ಕನಿಷ್ಠಕ್ಕೆ ಇಟ್ಟು ಮಲಗಿದರೆ ನಿರ್ದೋಷಿ ಯಂತ್ರದಲ್ಲೂ ಐಸ್ ಕಟ್ಟಬಹುದು.

ಕರಗಿಸುವ ದಾರಿ ಒಂದೇ: ಫ್ಯಾನ್ ಮಾತ್ರ ಓಡಿಸಿ ಕಾಯುವುದು. ಚಾಕು, ಸ್ಕ್ರೂಡ್ರೈವರ್ ಹಾಕಿ ಐಸ್ ಕೆರೆಯಬೇಡಿ. ಕೊಳವೆಯ ಗೋಡೆ ಬಹಳ ತೆಳು. ಒಂದು ಚುಚ್ಚು ಬಿದ್ದರೆ ಇಲ್ಲದ ಗ್ಯಾಸ್ ದೋಷವನ್ನು ನೀವೇ ತಂದಂತಾಗುತ್ತದೆ.

ನೀರು ಒಳಗೆ ಸೋರಿದರೆ

ಮೊದಲು ರಸಮಟ್ಟ ಇಟ್ಟು ನೋಡಿ. ಎಸಿಯ ಹಿಂಭಾಗ ಮುಂಭಾಗಕ್ಕಿಂತ ಸುಮಾರು ಅರ್ಧದಿಂದ ಒಂದು ಸೆಂಟಿಮೀಟರ್ ತಗ್ಗಿರಬೇಕು, ಎಡ ಬಲ ಸಮವಿರಬೇಕು. ವರ್ಷಗಳ ಅದುರುವಿಕೆಗೆ ಚೌಕಟ್ಟು ಕುಸಿದು ಈ ಓರೆ ತಿರುಗಿಬಿಟ್ಟಿರುತ್ತದೆ. ಓರೆ ಸರಿಯಿದ್ದರೂ ಒಳಗೆ ಸೋರಿದರೆ, ಮುಂದಿನ ತಟ್ಟೆಯಿಂದ ಹಿಂದಿನ ತಟ್ಟೆಗೆ ನೀರು ಹರಿಯುವ ಕಿಂಡಿಯಲ್ಲಿ ಪಾಚಿಯಂಥ ಲೋಳೆ ಕಟ್ಟಿರುತ್ತದೆ. ಬಿಸಿನೀರು ಮತ್ತು ಸಣ್ಣ ಬ್ರಷ್ ಸಾಕು. ತಂಪು ಗಾಳಿ ಹೊರಬರುವ ಜಾಲರಿಯಲ್ಲೇ ಹನಿ ಕೂತು ತೊಟ್ಟಿಕ್ಕಿದರೆ ಅದು ತಟ್ಟೆಯ ನೀರಲ್ಲ, ಸಂದಿನಿಂದ ನುಗ್ಗುವ ಹೊರಗಿನ ತೇವದ ಗಾಳಿ ತಣ್ಣನೆಯ ಪ್ಲಾಸ್ಟಿಕ್ ಮೇಲೆ ಬೆವರುವುದು. ಕಿಟಕಿಯ ಸುತ್ತಲಿನ ಸ್ಪಂಜಿನ ಪಟ್ಟಿ ಬದಲಿಸಿ.

ಹಿಂಭಾಗದಿಂದ ಪಚಪಚ ಸದ್ದು ಬಂದರೆ ಗಾಬರಿ ಬೇಡ. ಅನೇಕ ಎಸಿಗಳ ಹಿಂದಿನ ಫ್ಯಾನಿಗೆ ಒಂದು ಬಳೆ ಇರುತ್ತದೆ. ಅದು ತಟ್ಟೆಯ ನೀರನ್ನು ಎತ್ತಿ ಬಿಸಿ ಕಂಡೆನ್ಸರ್ ಮೇಲೆ ಚಿಮ್ಮಿಸುತ್ತದೆ. ಒಳಗೆ ಸಿಕ್ಕ ತಣ್ಣೀರಿನಿಂದಲೇ ಹೊರಗಿನ ಬಿಸಿ ಇಳಿಸುವ ಈ ಏರ್ಪಾಡು ನನಗೆ ಬಹಳ ಇಷ್ಟ. ಆ ಸದ್ದು ತಾಳಲಾರದೆ ತಟ್ಟೆಗೆ ತೂತು ಕೊರೆಯುವವರಿದ್ದಾರೆ. ಹಾಗೆ ಮಾಡಬೇಡಿ. ನೀರೆಲ್ಲ ಹರಿದುಹೋದರೆ ಕಂಡೆನ್ಸರಿಗೆ ಸಿಗುತ್ತಿದ್ದ ತಂಪು ತಪ್ಪುತ್ತದೆ, ತಟ್ಟೆಯೂ ತೂತಿನಿಂದ ತುಕ್ಕು ಹಿಡಿಯುತ್ತದೆ.

ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ ಮಾತ್ರ ಏಳುವುದಿಲ್ಲ

ರಿಮೋಟಿನಲ್ಲಿ ಫ್ಯಾನ್ ಮೋಡ್ ಆಗಿದೆಯೇ ಎಂದು ನೋಡಿ. ಇದನ್ನು ಸಣ್ಣ ಮಾತೆಂದು ಬಿಡಬೇಡಿ. ಆಮೇಲೆ ಮೂರು ನಿಮಿಷ ಕಾಯಿರಿ: ನಿಂತ ಕಂಪ್ರೆಸರ್ ತಕ್ಷಣ ಏಳಬಾರದು, ಒಳಗಿನ ಒತ್ತಡ ಎರಡೂ ಬದಿಯಲ್ಲಿ ಸಮವಾಗಬೇಕು. ಹೊಸ ಎಸಿಗಳು ತಾವೇ ಅಷ್ಟು ಹೊತ್ತು ತಡೆಯುತ್ತವೆ. ಹಳೆಯ ತಿರುಗುಣಿಯ ಎಸಿಗಳಲ್ಲಿ ಆ ತಾಳ್ಮೆ ನಿಮ್ಮದೇ ಆಗಿರಬೇಕು.

ಆಮೇಲೂ ಏಳದಿದ್ದರೆ ಕಿವಿಗೊಡಿ. "ಹೂಂ" ಎಂಬ ಗುಂಯ್‌ಗುಟ್ಟುವಿಕೆ ಕೆಲವು ಸೆಕೆಂಡು, ಆಮೇಲೆ "ಟಕ್", ಒಂದೆರಡು ನಿಮಿಷ ಮೌನ, ಮತ್ತೆ ಅದೇ "ಹೂಂ". ಕಂಪ್ರೆಸರ್ ಏಳಲು ಹೆಣಗುತ್ತಿದೆ, ಅದರ ತಲೆಯ ಮೇಲಿನ ಓವರ್‌ಲೋಡ್ ಎಂಬ ರಕ್ಷಕ ಸ್ವಿಚ್ ಅದನ್ನು ಸುಡದಂತೆ ಕಾಯುತ್ತಿದೆ. ಎಸಿಯನ್ನು ಕೂಡಲೇ ಆರಿಸಿ. ಬಹುಪಾಲು ಸಲ ತಪ್ಪಿತಸ್ಥ ಕೆಪ್ಯಾಸಿಟರ್ ಆಗಿರುತ್ತದೆ. ಬದಲಿಸಲು ಅಗ್ಗದ, ಸಣ್ಣ ಭಾಗ. ಅದರ ಮೇಲೆ 35 ಅಥವಾ 45 ಮೈಕ್ರೋಫ್ಯಾರಡ್ ಎಂಬಂತೆ ಅದರ ಸಾಮರ್ಥ್ಯ ಬರೆದಿರುತ್ತದೆ, ಪಕ್ಕದಲ್ಲೇ ಶೇ. 5ರಷ್ಟು ಹೆಚ್ಚುಕಡಿಮೆಗೆ ಅವಕಾಶವೆಂದೂ ಇರುತ್ತದೆ. 35 ಇರಬೇಕಾದದ್ದು 24 ತೋರಿಸಿದರೆ ಅದರ ಕಾಲ ಮುಗಿದಿದೆ. ತಲೆಭಾಗ ಉಬ್ಬಿದ್ದರೆ ಅಳೆಯುವುದೂ ಬೇಡ. ಆದರೆ ನೆನಪಿಡಿ, ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು. ರೆಸಿಸ್ಟರ್ ಹಿಡಿದು ಅದನ್ನು ಇಳಿಸಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಬೇಕು. ಈ ಕೆಲಸ ಮಾಡಿ ಅಭ್ಯಾಸವಿಲ್ಲದವರು ಇಲ್ಲಿಗೆ ನಿಲ್ಲಿಸಿ, ಬಂದ ಮೆಕ್ಯಾನಿಕ್‌ಗೆ "ಮೊದಲು ಕೆಪ್ಯಾಸಿಟರ್ ಅಳೆಯಿರಿ" ಎಂದು ಹೇಳಿದರೆ ಸಾಕು.

ಕೆಪ್ಯಾಸಿಟರ್ ಸರಿಯಿದ್ದರೆ ವೋಲ್ಟೇಜ್ ನೋಡಬೇಕು, ಅದೂ ಕಂಪ್ರೆಸರ್ ಏಳಲು ಯತ್ನಿಸುವ ಕ್ಷಣದಲ್ಲಿ. ಸುಮ್ಮನಿರುವಾಗ 230 ತೋರಿಸುವ ಸಾಕೆಟ್, ಹೊರೆ ಬಿದ್ದೊಡನೆ 180ಕ್ಕೆ ಕುಸಿಯಬಹುದು. ತೆಳುವಾದ ತಂತಿ, ಉದ್ದದ ಎಕ್ಸ್‌ಟೆನ್ಷನ್ ವೈರ್ ಇದ್ದರೆ ಹೀಗಾಗುತ್ತದೆ. ಎಸಿಯನ್ನು ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಲೇಬಾರದು.

ಪ್ಲಗ್ ಬಿಸಿಯಾದರೆ ಬೇರೆಲ್ಲ ಕೆಲಸ ಬಿಡಿ

ಎಸಿ ಅರ್ಧ ಗಂಟೆ ಓಡಿದ ಮೇಲೆ ಆರಿಸಿ, ಪ್ಲಗ್ಗಿನ ಹೊರಮೈ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಅಥವಾ ಸಾಕೆಟ್ಟಿನ ಕಿಂಡಿಯ ಸುತ್ತ ಕಂದು ಕಲೆ ಇದ್ದರೆ ಅದು ಬೆಂಕಿಯ ಮುನ್ಸೂಚನೆ. ಸಡಿಲವಾದ ಜೋಡಣೆಯಲ್ಲಿ ಅರ್ಧ ಓಮ್ ಅಡ್ಡಿ ಇದೆ ಎನ್ನೋಣ. 8 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಶಾಖ 32 ವಾಟ್. ಬೆಸುಗೆ ಹಾಕುವ ಸಣ್ಣ ಸಾಲ್ಡರಿಂಗ್ ಐರನ್ನಿನಷ್ಟು ಶಾಖವನ್ನು ನೀವು ಮಲಗಿರುವಾಗ ಗೋಡೆಯ ಸಾಕೆಟ್ಟಿನೊಳಗೆ ಇಟ್ಟಂತೆ. ಸಾಕೆಟ್, ಪ್ಲಗ್ ಎರಡನ್ನೂ ಬದಲಿಸಿ, ತಂತಿಯ ಸುಟ್ಟ ತುದಿ ಕತ್ತರಿಸಿ ಹೊಸದಾಗಿ ಬಿಗಿಸಬೇಕು. ಅಲ್ಲಿಯವರೆಗೆ ಎಸಿ ಹಾಕಬೇಡಿ.

ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿ ಯಾವಾಗ ಬೀಳುತ್ತದೆ ಎಂಬುದೂ ಬಹಳ ಹೇಳುತ್ತದೆ. ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಶಾರ್ಟ್ ಅಥವಾ ಏಳಲಾಗದ ಕಂಪ್ರೆಸರ್. ಹತ್ತಿಪ್ಪತ್ತು ನಿಮಿಷದ ಮೇಲೆ ಬಿದ್ದರೆ ಕೊಳೆಯಾದ ಕಂಡೆನ್ಸರ್, ಸಡಿಲ ಜೋಡಣೆ, ಇಲ್ಲವೇ ದಣಿದ ಎಂಸಿಬಿ. ಬಿದ್ದದ್ದು ಭೂಸೋರಿಕೆಯ ಬ್ರೇಕರ್ ಆದರೆ ವಿದ್ಯುತ್ತು ಲೋಹದ ಮೈಗೆ ಸೋರುತ್ತಿದೆ. ಅದನ್ನು ಮತ್ತೆ ಮತ್ತೆ ಎತ್ತುವುದು, ತೆಗೆದು ನೇರ ಜೋಡಿಸುವುದು ಜೀವದ ಜೊತೆ ಆಡುವ ಆಟ.

ಸದ್ದು, ವಾಸನೆ

ಗಡಗಡ ಸದ್ದು ಬಂದಾಗ ಪೆಟ್ಟಿಗೆಯ ಬೇರೆಬೇರೆ ಕಡೆ ಅಂಗೈ ಒತ್ತಿ ನೋಡಿ. ಎಲ್ಲಿ ಒತ್ತಿದರೆ ನಿಲ್ಲುತ್ತದೋ ಅಲ್ಲಿನ ಸ್ಕ್ರೂ ಬಿಗಿಸಬೇಕು, ಇಲ್ಲವೇ ರಬ್ಬರ್ ತುಂಡು ಇಡಬೇಕು. ಕೀರಲು ಸದ್ದು ಮೋಟಾರಿನ ಬೇರಿಂಗಿನದು. ಮುಗ್ಗುಲು ವಾಸನೆ ಒದ್ದೆ ಕಾಯಿಲ್ ಮೇಲೆ ಬೆಳೆದ ಲೋಳೆಯದು: ಕಾಯಿಲ್ ತೊಳೆದ ಮೇಲೆ, ಪ್ರತಿ ದಿನ ಆರಿಸುವ ಮುನ್ನ ಕಾಲು ಗಂಟೆ ಫ್ಯಾನ್ ಮಾತ್ರ ಓಡಿಸಿ ಒಣಗಿಸಿದರೆ ಹತೋಟಿಗೆ ಬರುತ್ತದೆ. ಸುಟ್ಟ ವಾಸನೆ ಬಂದರೆ ಪತ್ತೆ ಆಮೇಲೆ, ಮೊದಲು ಮೇನ್ ಸ್ವಿಚ್ ಆರಿಸಿ.

ಈಗ ಗ್ಯಾಸ್

ಎರಡೂ ಕಾಯಿಲ್ ಸ್ವಚ್ಛವಿದ್ದು, ಬ್ಲೋವರ್ ಸರಿಯಾಗಿ ತಿರುಗಿ, ಕಂಪ್ರೆಸರ್ ಓಡುತ್ತಲೇ ಇದ್ದರೂ ವ್ಯತ್ಯಾಸ 5 ಡಿಗ್ರಿ ದಾಟುತ್ತಿಲ್ಲ. ಕಾಯಿಲ್‌ನ ಮೊದಲ ಸುತ್ತುಗಳಲ್ಲಷ್ಟೇ ತಂಪು. ಕರೆಂಟ್ ಫಲಕದ ಅಂಕಿಗಿಂತ ಸಾಕಷ್ಟು ಕಡಿಮೆ. ಬೆಸುಗೆಯ ಬಳಿ ಎಣ್ಣೆಯ ಜಿಡ್ಡು. ಇವೆಲ್ಲ ಒಟ್ಟಿಗೆ ಕಂಡರೆ ಗ್ಯಾಸ್ ಕಡಿಮೆಯಾಗಿದೆ ಎಂಬ ಮಾತಿಗೆ ಬಲ ಬರುತ್ತದೆ. ಒತ್ತಡವೇ ಹುಟ್ಟದ, ಸವೆದ ಕಂಪ್ರೆಸರ್ ಕೂಡ ಕಡಿಮೆ ಕರೆಂಟ್ ತೋರಿಸುತ್ತದೆ, ಆದರೆ ಅಲ್ಲಿ ಎಣ್ಣೆಯ ಜಿಡ್ಡಿರುವುದಿಲ್ಲ. ಇನ್ವರ್ಟರ್ ಎಸಿಯಲ್ಲಿ ಕರೆಂಟ್ ತಾನೇ ಏರಿಳಿಯುವುದರಿಂದ ಈ ಕರೆಂಟಿನ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ.

ಆಗಲೂ "ಸ್ವಲ್ಪ ಗ್ಯಾಸ್ ಹಾಕಿಬಿಡಿ" ಎನ್ನಬೇಡಿ. ತೂತು ಮುಚ್ಚದೆ ಗ್ಯಾಸ್ ಹಾಕುವುದು ಒಡೆದ ಕೊಡಕ್ಕೆ ನೀರು ಹೊತ್ತಂತೆ. ಸರಿಯಾದ ಕ್ರಮವೆಂದರೆ ನೈಟ್ರೋಜನ್ ತುಂಬಿ ಒತ್ತಡದಲ್ಲಿ ಸೋರಿಕೆ ಹುಡುಕುವುದು, ಬೆಸುಗೆ ಹಾಕುವುದು, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವವನ್ನು ಪೂರ್ತಿ ಎಳೆಯುವುದು, ಆಮೇಲೆ ಫಲಕದಲ್ಲಿ ಬರೆದಷ್ಟೇ ಗ್ರಾಮ್ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಬಿಡುವುದು. ಬಂದವರ ಕೈಯಲ್ಲಿ ವ್ಯಾಕ್ಯೂಮ್ ಪಂಪ್ ಮತ್ತು ತಕ್ಕಡಿ ಇಲ್ಲದಿದ್ದರೆ ಕೆಲಸ ಶುರುಮಾಡಲು ಬಿಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಎಸಿಯಲ್ಲಿ ಯಾವ ಬಗೆಯ ಗ್ಯಾಸ್ ಇದೆ ಎಂಬುದೂ ಮುಖ್ಯ. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಆರ್-290 ಎಂದರೆ ಪ್ರೊಪೇನ್, ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಹಳೆಯ ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವಂಥದ್ದು, 1987ರ ಮಾಂಟ್ರಿಯಲ್ ಒಪ್ಪಂದದಡಿ ಬಳಕೆಯಿಂದ ಹಿಂದೆ ಸರಿಸಲಾಗುತ್ತಿದೆ. ಒಂದರ ಬದಲು ಇನ್ನೊಂದನ್ನು ತುಂಬುವಂತಿಲ್ಲ. ಹಳೆ ಯಂತ್ರದಲ್ಲಿ ಸೋರಿಕೆ ಕಾಯಿಲ್‌ನ ಒಳಸುತ್ತಿನಲ್ಲಿದ್ದರೆ ರಿಪೇರಿಯ ಖರ್ಚು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ, ಆಗ ಹೊಸದನ್ನು ಯೋಚಿಸುವುದೇ ಸರಿ.

ರಿಪೇರಿಗೆ ಬಗ್ಗದ ದೋಷ

ಯಂತ್ರದಲ್ಲಿ ಎಲ್ಲವೂ ಸರಿ, ಕೋಣೆ ಮಾತ್ರ ತಂಪಾಗುವುದಿಲ್ಲ ಎಂದಾದರೆ ತಪ್ಪು ಕೊಳ್ಳುವ ದಿನವೇ ಆಗಿರುತ್ತದೆ. ಟನ್ ಎಂಬುದು ತೂಕವಲ್ಲ. ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ವೇಗ, ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಅಂದರೆ ಮೇಲೆ ಹೇಳಿದ 3.5 ಕಿಲೋವಾಟ್. ಕೋಣೆಯ ಅಗಲ ಉದ್ದ ಮಾತ್ರ ಲೆಕ್ಕ ಹಾಕಿ ಕೊಂಡರೆ ಸಾಲದು. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಸುಮಾರು 100 ವಾಟ್ ಶಾಖ ಬಿಡುತ್ತಾನೆ. ಸಂಜೆಯ ಬಿಸಿಲು ಬೀಳುವ ಒಂದು ಚದರ ಮೀಟರ್ ಬರಿಗಾಜು ನಾಲ್ಕೈದು ಜನರಷ್ಟು ಶಾಖವನ್ನು ಒಳಗೆ ಬಿಡಬಲ್ಲದು. ಅಂಥ ಕಿಟಕಿಗೆ ಹೊರಗಿನಿಂದ ನೆರಳು ಕಟ್ಟುವುದು ದೊಡ್ಡ ಎಸಿ ತರುವುದಕ್ಕಿಂತ ಜಾಣತನ. ಅಗತ್ಯಕ್ಕಿಂತ ದೊಡ್ಡದು ತಂದರೂ ಸುಖವಿಲ್ಲ: ಐದೇ ನಿಮಿಷಕ್ಕೆ ಉಷ್ಣಾಂಶ ಇಳಿಸಿ ನಿಂತುಬಿಡುತ್ತದೆ, ಗಾಳಿಯ ತೇವ ಹಾಗೆಯೇ ಉಳಿದು ಹಾಸಿಗೆ ಬಟ್ಟೆಯೂ ತಣ್ಣಗೆ ಜಿಗುಟಾಗುತ್ತದೆ.

ಇಷ್ಟೆಲ್ಲ ಪತ್ತೆಗೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಎಸಿ ಚೆನ್ನಾಗಿರುವಾಗಲೇ ಅದನ್ನು ಮಾಡಬೇಕು. ನಮ್ಮ ಎಸಿಯ ಮುಂದಿನ ಜಾಲರಿಯ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ದಿನಾಂಕ, ಹೊರಗಿನ ಉಷ್ಣಾಂಶ, ಒಳಹೋಗುವ ಗಾಳಿ, ಹೊರಬರುವ ಗಾಳಿ, ಆಂಪಿಯರ್ ಎಂಬ ಐದು ಅಂಕಣ. ವರ್ಷಕ್ಕೆರಡು ಸಲ, ಫಿಲ್ಟರ್ ತೊಳೆದ ದಿನ, ಒಂದು ಸಾಲು ಬರೆಯುತ್ತೇನೆ. ಈ ಸಲ ಬಂದ ಮೆಕ್ಯಾನಿಕ್ ಆ ಚೀಟಿಯನ್ನು ಎರಡು ಸಲ ಓದಿ, ತಮ್ಮ ಗೇಜನ್ನು ಚೀಲಕ್ಕೆ ಹಾಕಿ, ಮೊದಲು ಬ್ರಷ್ ಹೊರತೆಗೆದರು.